ಒಂದನೇ ನಂಬರಿನಲ್ಲೇ ತಿರುಗಿದ ಫ್ಯಾನು

“ಮುರಿದಿದ್ದು ನೀನೇ ಕಣೋ! ಒಪ್ಕೊಳ್ಳೋಕೂ ಧೈರ್ಯ ಇಲ್ವಾ?” ಆಥಲ್ ಫ್ಯಾನಿನ ಮುರಿದ ರೆಕ್ಕೆಯನ್ನು ಕ್ಲೆಮ್‌ನ ಮೂಗಿನ ಮುಂದೆ ಆಡಿಸಿದ. “ಅಂಚಿನಲ್ಲಿ ಗುಲಾಬಿ ಬಣ್ಣ ನೋಡು. ನೀನು ರಾಳಕ್ಕೆ ಕಲಸೋ ಬಣ್ಣ!”

“ಅಚ್ಚು ತೆಗೆದು ಇಡೀ ರೆಕ್ಕೆ ವಾಪಸ್ ಕೊಟ್ಟೆ. ನಿನ್ನ ಮಗಳನ್ನೇ ಕೇಳು.”

“ಹೌದಪ್ಪ. ಕಾರಲ್ಲಿ ತಗೊಂಡು ಹೋಗಿ ಮನೇಲಿ ಸುತ್ತಿದ್ದ ಬಟ್ಟೆ ಬಿಚ್ಚಿದಾಗ ಹೀಗಿತ್ತು,” ಎಂದಳು ಲಿನೆಟ್, ತಲೆ ಎತ್ತದೆ.

“ಹಾಗಾದ್ರೆ ಬೀಳಿಸಿದ್ದು ನೀನು!” ಆಥಲ್ ಮಗಳ ಕಡೆ ತಿರುಗಿದ.

ಬ್ರೋಕನ್ ಹಿಲ್ ಎಂಬ ಗಣಿ ಊರಿನ ಬಿಸಿಲಿಗೆ ಕ್ಲೆಮ್‌ನ ಹಿತ್ತಲಿನ ತಗಡಿನ ಶೆಡ್ಡು ಕಾದು ಹೋಗಿತ್ತು. ಬಾಗಿಲಲ್ಲಿ ನಿಂತ ಪಕ್ಕದ ಮನೆಯ ನೊರೀನ್‌ಗೆ ಆಥಲ್‌ನ ಮೇಲೆ ಸಿಟ್ಟೂ ಬಂತು, ಮರುಕವೂ ಆಯಿತು. ಹೆಂಡತಿ ಮ್ಯಾವಿಸ್ ತೀರಿಕೊಂಡು ಎರಡು ತಿಂಗಳು. ಅವಳ ಮಂಚದ ಪಕ್ಕದ ಹಳೇ ಫ್ಯಾನೇ ಅವನಿಗೆ ಉಳಿದ ಜೊತೆ. ರೆಕ್ಕೆ ಸವೆದಿತ್ತು, ಅದರದೇ ಅಚ್ಚು ತೆಗೆದು ರಾಳದಲ್ಲಿ ಹೊಸದೊಂದು ಎರೆದು ಕೊಡು ಎಂದು ಕ್ಲೆಮ್‌ನನ್ನು ಕೇಳಿದ್ದ. ಜಗಳ ಕೇಳಿ ನೊರೀನ್ ತನ್ನ ನಾದಿನಿ ಡಲ್ಸಿಯನ್ನು ಕರೆತಂದಿದ್ದಳು. ಪೊಲೀಸ್ ಕೆಲಸ ಬಿಟ್ಟು ಹತ್ತು ವರ್ಷವಾದರೂ ಊರಿನ ಇಂಥ ತಂಟೆಗಳೆಲ್ಲ ಡಲ್ಸಿಯ ಬಳಿಗೇ ಬರುತ್ತಿದ್ದವು.

“ಎಂಥಾ ಸೆಕೆಯಲ್ಲೂ ಫ್ಯಾನನ್ನ ಒಂದನೇ ನಂಬರ್ ದಾಟಿಸ್ತಿರಲಿಲ್ಲ ಮ್ಯಾವಿಸ್,” ಆಥಲ್ ಮುರಿದ ರೆಕ್ಕೆ ಸವರಿದ. “ಕೊನೇ ದಿನ ಕೂಡ ಉಗುರಿಗೆ ಬಣ್ಣ ಹಚ್ಚಿಸ್ಕೊಂಡು ಅದರ ಗಾಳಿಗೇ ಒಣಗಿಸಿದ್ಲು.”

“ಒಂದನೇ ನಂಬರ್ ಯಾವಾಗಿನಿಂದ?” ಎಂದಳು ಡಲ್ಸಿ.

“ಏಳು ವರ್ಷ ಆಯ್ತು. ಜೋರು ಸದ್ದಿಗೆ ತಲೆನೋವು ಅಂತಿದ್ಲು.”

ಡಲ್ಸಿ ಕ್ಲೆಮ್‌ನ ಬಣ್ಣದ ಡಬ್ಬಿಗಳನ್ನು ತೆರೆದು ನೋಡಿದಳು. ಎಲ್ಲವೂ ಕಪ್ಪು. “ಕ್ಲೆಮ್, ಹೊಸದನ್ನ ಬಿಡಿಸು.”

ರಬ್ಬರಿನ ಅಚ್ಚಿನಿಂದ ಕಪ್ಪು ರೆಕ್ಕೆ ಹೊರಬಂತು. ಬುಡದ ಹಿಂಬದಿಯಲ್ಲಿ ಕೂದಲೆಳೆಯಷ್ಟು ಉಬ್ಬಿದ ಗೆರೆ. ಡಲ್ಸಿ ಮುರಿದ ರೆಕ್ಕೆಯನ್ನು ಪಕ್ಕಕ್ಕಿಟ್ಟಳು. ಅದು ಮುರಿದದ್ದೂ ಅಲ್ಲೇ.

“ಅಚ್ಚು ಇದ್ದದ್ದನ್ನ ಇದ್ದ ಹಾಗೇ ಹಿಡಿಯುತ್ತೆ. ಇದು ಶೆಡ್ಡಿಗೆ ಬರೋ ಮುಂಚೆಯೇ ಮುರಿದಿತ್ತು, ಯಾರೋ ಅಂಟಿಸಿದ್ರು. ಉಬ್ಬಿರೋದು ಆ ಅಂಟು. ಕಾರಿನ ಕುಲುಕಾಟಕ್ಕೆ ಮತ್ತೆ ಬಿಟ್ಕೊಂಡಿದೆ. ಕ್ಲೆಮ್ ಹತ್ರ ಗುಲಾಬಿ ಬಣ್ಣವೇ ಇಲ್ಲ. ಅಂಟಿಸಿರೋದು ಉಗುರಿನ ಬಣ್ಣದಿಂದ, ಆಥಲ್. ಜೋರಾಗಿ ತಿರುಗಿದ್ರೆ ರೆಕ್ಕೆ ಹಾರಿಹೋಗುತ್ತೆ ಅಂತ ಮ್ಯಾವಿಸ್‌ಗೆ ಗೊತ್ತಿತ್ತು, ಅದಕ್ಕೇ ಒಂದನೇ ನಂಬರ್.”

“ಒರೆಸೋವಾಗ ಅಮ್ಮನ ಕೈಜಾರಿ ಬಿತ್ತು,” ಲಿನೆಟ್ ಮೆಲ್ಲಗೆ ಅಂದಳು. “ನಿಮ್ಮಪ್ಪಂಗೆ ಹೇಳ್ಬೇಡ ಅಂತ ನನ್ನ ಕೈ ಹಿಡ್ಕೊಂಡ್ಲು.”

ಆಥಲ್ ಮೇಜಿಗೆ ಗುದ್ದಿದ. “ಏಳು ವರ್ಷ! ತಾಯಿ ಮಗಳು ಸೇರ್ಕೊಂಡು ನನಗೇ ಸುಳ್ಳು ಹೇಳಿದ್ರಾ?”

“ಇದಕ್ಕೇ ಅಪ್ಪ. ಇದಕ್ಕೇ ಅಮ್ಮ ಹೇಳ್ಲಿಲ್ಲ.”

ಲಿನೆಟ್ ಅವನ ಮನೆಯ ಬೀಗದಕೈಯನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದಳು. ಕಾರಿನ ಸದ್ದು ದೂರವಾಯಿತು.

“ಗೆರೆ ಉಜ್ಜಿ ತೆಗೀಲಾ?” ಕ್ಲೆಮ್ ಕೇಳಿದ.

“ಬೇಡ. ಇರಲಿ,” ಎಂದ ಆಥಲ್, ಬಾಗಿಲನ್ನೇ ನೋಡುತ್ತ.

ಮರಳಿ ಬಂದಾಳೆಂದು ನೊರೀನ್ ಎರಡು ಸಲ ಚಹಾ ಬಿಸಿ ಮಾಡಿದಳು. ಲಿನೆಟ್ ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ.