ಚೆಲ್ಲಿದ ಕಾಳಿನ ಶಾಲು

ಬಹಳ ಬಹಳ ಹಿಂದೆ, ಬೇಸಿಗೆ ದಾರಿ ತಪ್ಪಿದರೆ ಮಾತ್ರ ಬರುತ್ತಿದ್ದ ಒಂದು ಸೀಮೆಯಲ್ಲಿ, ಕುಳಿರುನಾಡು ಅಂತ ಒಂದು ರಾಜ್ಯವಿತ್ತು. ಅಲ್ಲಿ ಅಕ್ಕಿಗಿಂತ ಉಣ್ಣೆ ಹೆಚ್ಚು. ಒಬ್ಬ ರಾಜನಿದ್ದ, ಮೂವರು ಮಂತ್ರಿಗಳಿದ್ದರು, ನಾಲ್ವರಿಗೂ ಸದಾ ತೂಕಡಿಕೆ. ಅವರನ್ನು ಅಲ್ಲೇ ಮಲಗಲು ಬಿಟ್ಟು ನಾವು ಮಾಳವ್ವನ ಮನೆಗೆ ಹೋಗೋಣ.

ಮಾಳವ್ವ ಗಂಡನನ್ನು ಕಳೆದುಕೊಂಡವಳು, ಏಳು ವರ್ಷದ ತುಂಗಿಯ ತಾಯಿ, ಹೊಸ ಹೊಸ ಚಿತ್ತಾರ ಕಟ್ಟುವುದರಲ್ಲಿ ನಾಡಿಗೇ ಮೊದಲ ಹೆಣಿಗೆಗಾರ್ತಿ. ಆ ನಾಡಿನವರು ಚಿತ್ತಾರವನ್ನು ನೇರವಾಗಿ ಕಡ್ಡಿಗೆ ಏರಿಸುತ್ತಿರಲಿಲ್ಲ. ಮೊದಲು ಅಗಲವಾದ ಮೊರದಲ್ಲಿ ಕಾಳು ಜೋಡಿಸಬೇಕು. ನೇರ ಕುಣಿಕೆಗೆ ಬಿಳಿ ಜೋಳ, ಮಗುಚಿದ ಕುಣಿಕೆಗೆ ಹುರುಳಿ, ತೂತು ಬಿಡುವ ಕಡೆ ಒಂದು ಸಾಸಿವೆ. ಆಮೇಲೆ ಮೊರ ನೋಡಿಕೊಂಡು ಹೆಣೆಯಬೇಕು. ಪ್ರತಿ ಚಿತ್ತಾರಕ್ಕೂ ಕಣ್ಣು ಕಂಡದ್ದೊಂದು ಬೇಕು, ಎದೆ ನೆನೆದದ್ದೊಂದು ಬೇಕು. ಎಲೆಯೋ ಹಕ್ಕಿಯೋ ಹೊರಗಿನಿಂದ ಬರಬೇಕು, ನೆನಪು ಒಳಗಿನಿಂದ ಬರಬೇಕು. ಇನ್ನೊಂದು ಕಟ್ಟಳೆಯೂ ಇತ್ತು: ಕಹಿ ನೆನಪನ್ನು ಉಣ್ಣೆಗೆ ಹಾಕಬಾರದು, ಹಾಕಲೇಬೇಕಾದರೆ ಸಿಹಿ ಮಾಡಿ ಹಾಕಬೇಕು. ಜಗಳವಾಡಿದ ದಿನವನ್ನು ಹಬ್ಬದ ದಿನವಾಗಿ ಹೆಣೆದು ಹೆಣೆದು, ಯಾವುದು ನಡೆದದ್ದು, ಯಾವುದು ಹೆಣೆದದ್ದು ಅನ್ನುವುದೇ ಅಲ್ಲಿನ ಹೆಂಗಸರಿಗೆ ಮರೆತುಹೋಗಿತ್ತು.

ಒಂದು ಸಲ ರಾಣಿಯ ಶಾಲಿಗೆಂದು ಮಾಳವ್ವ ಮೂರು ತಿಂಗಳು ಕೂತು ಕಾಳು ಜೋಡಿಸಿದಳು. ಕೊನೆಯ ಸಾಲು ಬಾಕಿಯಿತ್ತು. ತುಂಗಿ ಬೆಕ್ಕಿನ ಹಿಂದೆ ಓಡಿಬಂದು ಮೊರಕ್ಕೆ ಎಡವಿದಳು. ಕಾಳೆಲ್ಲ ನೆಲದ ಪಾಲಾಯಿತು.

ಮಾಳವ್ವ ಬೊಬ್ಬೆ ಹಾಕಲಿಲ್ಲ. ತಣ್ಣಗೆ ಮಾತಾಡಿದಳು. "ನೀನು ಹುಟ್ಟದೇ ಇದ್ದಿದ್ರೆ ನಾನು ಸುಖವಾಗಿರ್ತಿದ್ದೆ. ಹೋಗು. ಎಲ್ಲಾದ್ರೂ ಹೋಗು. ನನ್ನ ಕಣ್ಣಿಗೆ ಬೀಳಬೇಡ."

ಆ ಮಾತು ಮುಗಿಯುವಷ್ಟರಲ್ಲಿ ಮಂಜುಗಣ್ಣ ಬಾಗಿಲಲ್ಲಿ ನಿಂತಿದ್ದ. ಅವನು ಬೆಟ್ಟದ ಮೇಲಿನ ಮಾಂತ್ರಿಕ. "ಹೋಗು ಅಂದೆಯಲ್ಲ ತಾಯಿ, ಕರಕೊಂಡು ಹೋಗ್ತೀನಿ," ಅಂದವನೇ ತುಂಗಿಯ ತಲೆ ಮುಟ್ಟಿದ. ತುಂಗಿ ಕುರಿಮರಿಯಾದಳು. ಮರಿಯನ್ನು ಕಂಕುಳಲ್ಲಿ ಇರುಕಿಕೊಂಡು ಅವನು ಹೊರಟುಹೋದ. ಅಂಥ ನಲವತ್ತು ಮರಿಗಳು ಆಗಲೇ ಅವನ ಕೊಟ್ಟಿಗೆಯಲ್ಲಿದ್ದವು. ನಲವತ್ತು ತಾಯಂದಿರೂ ಮಗು ಮಂಜಿನಲ್ಲಿ ದಾರಿ ತಪ್ಪಿತು ಅಂತ ಊರಿಗೆ ಹೇಳಿದ್ದರು. ಮಾಳವ್ವನೂ ಹಾಗೇ ಹೇಳಿದಳು.

ಹೇಳಿದಳು ನಿಜ, ಆದರೆ ಮನೆಯಲ್ಲಿ ಕೂರಲಾಗಲಿಲ್ಲ. ಉಣ್ಣೆಯುಂಡೆ, ಕಡ್ಡಿ, ಕಾಳು, ಮೊರ ಹೊತ್ತುಕೊಂಡು ಬೆಟ್ಟ ಹತ್ತಿದಳು. ಮೇಲೆ ಮಂಜುಗಣ್ಣನ ಕೋಟೆಯಿತ್ತು, ಅದರ ಬಾಗಿಲಲ್ಲಿ ಬೂದು ಬಣ್ಣದ ತೋಳವೊಂದು ಮಲಗಿತ್ತು. ಅದಕ್ಕೆ ಮಾತು ಬರುತ್ತಿತ್ತು, ಸುಳ್ಳಿನ ವಾಸನೆಯೂ ಗೊತ್ತಾಗುತ್ತಿತ್ತು.

ಮಂಜುಗಣ್ಣ ಒಳಗೆ ಗಡಗಡ ನಡುಗುತ್ತ ಕೂತಿದ್ದ. "ನಂಗೆ ಹುಟ್ಟಿದಾಗಿನಿಂದ ಚಳಿ. ನಂದೇ ಅಂತ ಒಂದು ನೆನಪಿಲ್ಲ. ಬೇರೆಯವರದನ್ನ ಹೊದ್ದರೆ ಗಳಿಗೆ ಹೊತ್ತು ಬೆಚ್ಚಗಾಗುತ್ತೆ. ಮೂರು ಶಾಲು ಕೊಡು. ಮೊದಲನೇದಕ್ಕೆ ಮಗಳ ದನಿ ಕೇಳಿಸ್ತೀನಿ, ಎರಡನೇದಕ್ಕೆ ಮುಖ ತೋರಿಸ್ತೀನಿ, ಮೂರನೇದಕ್ಕೆ ಮಗಳನ್ನೇ ಕೊಡ್ತೀನಿ. ಮೂರನೇದರಲ್ಲಿ ಮಗಳ ನೆನಪೇ ಇರಬೇಕು. ಸುಳ್ಳಿದ್ದರೆ ತೋಳ ಹರಿಯುತ್ತೆ. ಎರಡು ಸಲ ಹರಿದರೆ ನಿನ್ನ ಮಗಳು ಕುರಿಯಾಗೇ ಸಾಯ್ತಾಳೆ."

ಮಾಳವ್ವ ಮೊದಲ ಶಾಲಿಗೆ ಕಾಳು ಜೋಡಿಸಿದಳು. ಕೆರೆಯಂಚಿನ ಕೆಸರಲ್ಲಿ ಕೊಕ್ಕರೆಯ ಹೆಜ್ಜೆ ಹೊರಗಿನಿಂದ ಬಂತು. ಒಳಗಿನಿಂದ ಅಪ್ಪ ಬಂದ, ಹೆಗಲ ಮೇಲೆ ಕೂರಿಸಿಕೊಂಡು ಆ ಹೆಜ್ಜೆಗಳನ್ನು ಎಣಿಸಲು ಕಲಿಸಿದ ಅಪ್ಪ. ತೋಳ ಮೂಸಿತು, ಸುಮ್ಮನಾಯಿತು. ಮಂಜುಗಣ್ಣ ಹೊದ್ದು ಗಳಿಗೆ ಹೊತ್ತು ನಡುಗದೆ ಕೂತ. ಗೋಡೆಯಾಚೆಯಿಂದ "ಅವ್ವಾ" ಅನ್ನುವ ದನಿ ಕೇಳಿಸಿತು.

ಎರಡನೆಯದಕ್ಕೆ ಹೆಜ್ಜೇನಿನ ಹುಟ್ಟು ಹೊರಗಿನಿಂದ ಬಂತು. ಒಳಗಿನಿಂದ ಗಂಡ ಬಂದ, ಜೇನು ಕಚ್ಚಿ ಮುಖ ಊದಿಸಿಕೊಂಡು, ಹುಟ್ಟನ್ನು ಅವಳ ಮಡಿಲಿಗೆ ಹಾಕಿ ಬಿದ್ದು ಬಿದ್ದು ನಕ್ಕ ಗಂಡ. ಹೆಣೆಯುತ್ತ ಮಾಳವ್ವ ಅತ್ತಳು. ತೋಳ ಮೂಸಿತು, ಸುಮ್ಮನಾಯಿತು. ಮಂಜುಗಣ್ಣ ಕಿಟಕಿ ತೆರೆದ. ಕುರಿಮರಿಯ ಮೈ ಮೇಲೆ ತುಂಗಿಯ ಮುಖ ಕಂಡಿತು. ಹಣೆಯ ಮೇಲೆ ಎಡವಿ ಬಿದ್ದ ಗಾಯ ಇನ್ನೂ ಹಾಗೇ ಇತ್ತು. ಅವತ್ತು ಮಾಳವ್ವನ ಮನಸ್ಸೆಲ್ಲ ಚೆಲ್ಲಿದ ಕಾಳಿನ ಮೇಲಿತ್ತು, ಗಾಯ ಕಣ್ಣಿಗೆ ಬಿದ್ದರೂ ಲೆಕ್ಕಕ್ಕೆ ಬಂದಿರಲಿಲ್ಲ.

ಮೂರನೆಯದು ಸುಲಭ ಅಂದುಕೊಂಡಳು. ತುಂಬೆ ಹೂವನ್ನು ತಂದಳು, ಆ ಹೂವಿನ ಜೇನು ಹೀರುತ್ತ ತೊಡೆಯ ಮೇಲೆ ಕೂತು ನಗುವ ಮಗಳನ್ನು ಹೆಣೆದಳು. ಅಷ್ಟು ಚಂದದ ಶಾಲನ್ನು ಅವಳ ಕೈ ಯಾವತ್ತೂ ಹೆಣೆದಿರಲಿಲ್ಲ. ತೋಳ ಮೂಸಿತು, ಪರ್ರನೆ ಹರಿದುಹಾಕಿತು.

"ಅಯ್ಯೋ, ಅವಳು ನಕ್ಕಿದ್ದು ನಿಜ ಕಣಪ್ಪಾ!" ಅಂತ ಮಾಳವ್ವ ಕೂಗಿಕೊಂಡಳು.

"ಅವಳು ನಕ್ಕಿದ್ದು ನಿಜ. ತೊಡೆ ಮೇಲೆ ಕೂತಿದ್ದು ಸುಳ್ಳು. ಬಾಗಿಲ ಹತ್ತಿರ ಒಬ್ಬಳೇ ಕೂತು ನಗ್ತಿದ್ದಳು. ನೀನು ಮೊರದಿಂದ ತಲೆ ಎತ್ತಲೇ ಇಲ್ಲ," ಅಂದಿತು ತೋಳ. ಆಮೇಲೆ ದನಿ ತಗ್ಗಿಸಿತು. "ಈ ಕೋಟೆಯ ಕಲ್ಲು ನೋಡಿದೆಯಾ? ಒಂದೊಂದೂ ಯಾರೋ ಆಡಿ ಬಚ್ಚಿಟ್ಟ ಮಾತು. ನಿನ್ನದೂ ಒಂದಿದೆ, ಬಾಗಿಲ ಬುಡದಲ್ಲಿ."

ಮಾಳವ್ವ ಮಗಳ ಏಳು ವರ್ಷವನ್ನೂ ಜಾಲಾಡಿದಳು. ಎಲ್ಲಿ ಹುಡುಕಿದರೂ ಮಗಳು ಬಾಗಿಲ ಹತ್ತಿರ, ತಾನು ಮೊರದ ಮುಂದೆ. ಅವಳು ಮಗಳ ಮುಖವನ್ನು ನೆಟ್ಟಗೆ ನೋಡಿದ್ದು ಒಂದೇ ಒಂದು ದಿನ. ಆ ದಿನ ಯಾವುದೆಂದು ಗೊತ್ತಾದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಮೊರವನ್ನು ಎತ್ತಿದಳು, ತಲೆಕೆಳಗು ಮಾಡಿ ಕಾಳನ್ನು ನೆಲಕ್ಕೆ ಚೆಲ್ಲಿದಳು. ಬಿದ್ದದ್ದು ಬಿದ್ದ ಹಾಗೇ ಹೆಣೆದಳು. ನಡುವೆ ಹಣೆಯ ಗಾಯ ಹೆಣೆದಳು. ಅಂಚಿನಲ್ಲಿ ತಾನಾಡಿದ ಮಾತನ್ನು ಒಂದಕ್ಷರ ಬಿಡದೆ ಹೆಣೆದಳು. ಒಂದು ಕುಣಿಕೆಯನ್ನೂ ಸಿಹಿ ಮಾಡಲಿಲ್ಲ.

ತೋಳ ಬಹಳ ಹೊತ್ತು ಮೂಸಿತು. "ಪೂರ್ತಿ ನಿಜ," ಅಂದಿತು.

ಮಂಜುಗಣ್ಣ ಆಸೆಯಿಂದ ಶಾಲು ಹೊದ್ದ. ಬಚ್ಚಿಟ್ಟ ಮಾತು ಬಯಲಿಗೆ ಬಂದಿತ್ತು. ಬಾಗಿಲ ಬುಡದ ಕಲ್ಲು ಕರಗಿತು. ಅದರ ಮೇಲಿನ ಕಲ್ಲು ಜಾರಿತು, ಅದರ ಮೇಲಿನದು ಉರುಳಿತು, ಇಡೀ ಕೋಟೆ ನೀರಾಗಿ ಇಳಿಜಾರಿನಲ್ಲಿ ಹರಿಯಿತು. ಅದರ ಜೊತೆಗೇ ಮಂಜುಗಣ್ಣನೂ ಹರಿದುಹೋದ. ಶಾಲು ಮಾತ್ರ ಉಳಿಯಿತು, ಮಾಳವ್ವ ಅದನ್ನು ಹೆಗಲಿಗೆ ಹಾಕಿಕೊಂಡಳು. ಖಾಲಿ ಬೆಟ್ಟದ ಮೇಲೆ ನಲವತ್ತೊಂದು ಮಕ್ಕಳು ಕಣ್ಣುಜ್ಜುತ್ತ ನಿಂತಿದ್ದರು. ಊರಿಗೆ ಬಾ ಅಂತ ಮಾಳವ್ವ ತೋಳವನ್ನು ಕರೆದಳು. "ಬೇಡಮ್ಮ, ಆ ಊರಲ್ಲಿ ನನ್ನ ಮೂಗು ಉಳಿಯಲ್ಲ," ಅಂತ ಅದು ಕಾಡಿನ ದಾರಿ ಹಿಡಿಯಿತು.

ಊರಲ್ಲಿ ತಾಯಂದಿರು ಮಕ್ಕಳನ್ನು ತಬ್ಬಿಕೊಂಡು, "ಮಂಜಲ್ಲಿ ಎಲ್ಲಿ ಹೋಗಿದ್ದೆ ನನ್ನ ಬಂಗಾರ?" ಅಂತ ಅತ್ತರು. ಆಮೇಲೆ ಶಾಲಿನ ಅಂಚು ಓದಿದರು. "ಹೆತ್ತ ಬಾಯಲ್ಲಿ ಇಂಥ ಮಾತಾ! ಇವಳೂ ಒಬ್ಬ ತಾಯಿಯಾ?" ಅಂತ ಆ ನಲವತ್ತು ಮಂದಿಯೇ ಮೂಗಿನ ಮೇಲೆ ಬೆರಳಿಟ್ಟರು. ರಾಜ ಎಚ್ಚೆತ್ತು ಮಾಳವ್ವನಿಗೆ ನಾಡಹೆಣಿಗೆಗಾರ್ತಿ ಅಂತ ಬಿರುದು ಕೊಟ್ಟು ಮತ್ತೆ ಮಲಗಿದ. ರಾಣಿಗೆ ಚೆಲ್ಲಿದ ಕಾಳಿನ ಚಿತ್ತಾರ ಬಹಳ ಹಿಡಿಸಿತು. ಅಂಚಿನ ಅಕ್ಷರ ತೆಗೆಸಿ ಒಂದು ಹೊದ್ದಳು. ರಾಣಿ ಹೊದ್ದಳೆಂದು ನಾಡೆಲ್ಲ ಹೊದ್ದಿತು. ಮದುವೆಗೂ ಅದೇ, ನಾಮಕರಣಕ್ಕೂ ಅದೇ. ತನ್ನ ಬಾಳಿನ ಅತಿ ಕೆಟ್ಟ ಗಳಿಗೆ ಎಲ್ಲರ ಹೆಗಲ ಮೇಲೆ ನಗುನಗುತ್ತ ಓಡಾಡುವುದನ್ನು ಮಾಳವ್ವ ದಿನಾ ನೋಡಿದಳು.

ತುಂಗಿ ಬೆಳೆದಳು. ಮಾಳವ್ವ ಈಗ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೆಲಸ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಗಳು ಕೇಳಿದಳು. "ಅವ್ವಾ, ಎಲ್ಲರ ಅವ್ವಂದಿರೂ ಹಾಗೆ ಅಂದೇ ಇಲ್ಲ ಅಂತಾರೆ. ನೀನೂ ಒಂದು ಸಲ ಹೇಳು. ಸಿಟ್ಟಲ್ಲಿ ಬಾಯಿಮಾತಿಗೆ ಅಂದೆ ಅಂತ ಹೇಳು. ನಾನು ನಂಬ್ತೀನಿ."

ಯಾವ ತಾಯಿಯಾದರೂ ಹೇಳಬಹುದಾದ ಮಾತು. ಆದರೆ ಬಾಯಿಮಾತಾಗಿದ್ದರೆ ತೋಳ ಆ ಶಾಲನ್ನು ಉಳಿಸುತ್ತಿರಲಿಲ್ಲ, ಮಗಳು ಎದುರಿಗೆ ಕೂತು ಉಣ್ಣುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಆ ಗಳಿಗೆಗೆ ಅದು ನಿಜವಾಗಿತ್ತು ಮಗಳೇ," ಅಂದಳು ಮಾಳವ್ವ. "ಆಮೇಲೆ ಒಂದು ಗಳಿಗೆಗೂ ನಿಜವಾಗಲಿಲ್ಲ."

ತುಂಗಿ ತಲೆಯಾಡಿಸಿದಳು, ತಟ್ಟೆ ತೊಳೆದಿಟ್ಟಳು, ತಾಯಿಯ ತಟ್ಟೆಯನ್ನೂ ತೊಳೆದಿಟ್ಟಳು. ಅವತ್ತಿನಿಂದ "ಅವ್ವಾ" ಅಂತ ಕರೆಯುವ ಮೊದಲು ಅವಳು ಒಂದು ಉಸಿರು ತಡೆಯುತ್ತಿದ್ದಳು. ಬೇರೆ ಯಾರಿಗೂ ಅದು ಗೊತ್ತಾಗುತ್ತಿರಲಿಲ್ಲ.

ಕುಳಿರುನಾಡಿನವರೆಲ್ಲ ಬೆಚ್ಚಗೆ ಹೊದ್ದು, ಹೊಟ್ಟೆ ತುಂಬ ಉಂಡು, ನೂರು ಕಾಲ ಸುಖವಾಗಿ ಬಾಳಿದರು. ಮಾಳವ್ವನೂ ಬಾಳಿದಳು, ಮಗಳು ಕರೆಯುವುದನ್ನು ದಿನಾ ಕಾದುಕೊಂಡು.