417ನೇ ನಂಬರಿನ ಧಾರೆ ಸೀರೆ

2025ರ ಫೆಬ್ರವರಿ 10, ಸೋಮವಾರ, ಬೆಳಿಗ್ಗೆ 10.40. ರಾಮನಗರದ ಠಾಣೆಗೆ ಬಂದ ನಯನಾ ಡ್ರೈಕ್ಲೀನಿಂಗ್ ಅಂಗಡಿಯ ರಸೀದಿಯನ್ನು ಮೇಜಿನ ಮೇಲಿಟ್ಟಳು. ತೀರಿಹೋದ ತಾಯಿಯ ಧಾರೆ ಸೀರೆ ಅಂಗಡಿಯಿಂದ ಕಾಣೆಯಾಗಿತ್ತು. ಬರುವ ಭಾನುವಾರ ಅವಳ ಮದುವೆ. ಅಮ್ಮ ಉಟ್ಟಿದ್ದನ್ನೇ ಉಟ್ಟು ಧಾರೆಗೆ ನಿಲ್ಲಬೇಕೆಂದಿದ್ದಳು. ಸೀರೆ ಕಳವಿಗೆ ಎಫ್‌ಐಆರ್ ಎಂದರೆ ಠಾಣೆಯಲ್ಲಿ ಮೀಸೆಯಡಿ ನಗುವವರೇ ಹೆಚ್ಚು. ಇನ್‌ಸ್ಪೆಕ್ಟರ್ ಯೋಗಾನಂದ ನಗಲಿಲ್ಲ, ದೂರು ಬರೆಸಿಕೊಂಡರು.

12.15ಕ್ಕೆ ಅವರೂ ಕಾನ್‌ಸ್ಟೆಬಲ್ ತಸ್ಲೀಮಾಳೂ ಅಂಗಡಿಯಲ್ಲಿ ಪಂಚನಾಮೆ ಶುರುಮಾಡಿದರು. ಬೀಗ ಒಡೆದಿರಲಿಲ್ಲ. ಅಲ್ಲಿ ಬಂದ ಪ್ರತಿ ಬಟ್ಟೆಯ ಅಂಚಿಗೂ ನಂಬರಿನ ಚೀಟಿ ಹೊಲಿಯುತ್ತಾರೆ. ಕೊನೆಗೆ ಇಸ್ತ್ರಿಯವನು ಅದನ್ನು ಬಿಚ್ಚಿ ಡಬ್ಬಿಗೆ ಹಾಕಿದ ಮೇಲೆಯೇ ಬಟ್ಟೆ ಗಿರಾಕಿಯ ಕೈಸೇರುವುದು. ತಸ್ಲೀಮಾ ಡಬ್ಬಿ ಸುರಿದು ಹುಡುಕಿದಳು. ರಸೀದಿಯ 417 ಅದರಲ್ಲೇ ಇತ್ತು.

"ಚೀಟಿ ಬಿಚ್ಚೋರು ಯಾರು?"

"ಕೆಂಪರಾಜು ಒಬ್ನೇ ಸಾರ್," ಎಂದ ಮಾಲೀಕ ದೇವರಾಜ್. "ಇಪ್ಪತ್ತು ವರ್ಷದಿಂದ ಅವ್ನೇ ಇಸ್ತ್ರಿ. ಗುರುವಾರ ಎಂಡ್ತಿ ತೀರ್ಕೊಂಡ್ಲು. ಕೈಲಾಂಚ ಅಂತ ಊರು, ಅಲ್ಲಿ ಮನೇಲವ್ನೆ."

ಬೇರೆ ಕಳ್ಳನಾಗಿದ್ದರೆ ಚೀಟಿಯನ್ನು ಚರಂಡಿಗೆ ಎಸೆಯುತ್ತಿದ್ದ. ಇವನದು ಪಳಗಿದ ಕೈ, ತಾನಾಗಿಯೇ ಡಬ್ಬಿಯ ಕಡೆ ಹೋಗಿತ್ತು.

ಮಧ್ಯಾಹ್ನ 2.30. ಕೈಲಾಂಚದಲ್ಲಿ ಕೆಂಪರಾಜು ತನ್ನ ಮನೆಯ ಜಗುಲಿಯ ಮೇಲೆ ಕೂತಿದ್ದ. ಪೊಲೀಸರನ್ನು ಕಂಡು ಏಳಲಿಲ್ಲ.

"ಸೀರೆ ಎಲ್ಲಿ?"

"ಮಣ್ಣಲ್ಲೈತೆ ಸಾರ್. ನಮ್ ಸರಸಮ್ಮನ್ ಮೈಮ್ಯಾಲೆ."

"ಅವಳ ಧಾರೆ ಸೀರೆ ಇರ್ಲಿಲ್ವಾ?"

"ಇತ್ತು. ಕೆಲ್ಸ ಕಲಿಯೋವಾಗ ಕಲೆ ತೆಗೆಯೋ ಔಸ್ದಿನ ಮೊದ್ಲು ಅದ್ರ ಮ್ಯಾಲೇ ಆಕಿ ನೋಡ್ತಿದ್ದೆ. ಗಿರಾಕಿ ಬಟ್ಟೆ ಕೆಡಬಾರ್ದಲ್ಲ. ಜರಿ ಕಪ್ಪಾಗಿ, ರೇಸ್ಮೆ ಅರ್ದೋಯ್ತು. ಅವ್ಳು ಒಂದ್ ಮಾತೂ ಅನ್ನಿಲ್ಲ. ಸಾಯೋ ಮುಂಚೆ ಮಾತ್ರ, 'ಮುತ್ತೈದೆಯಾಗಿ ಓಯ್ತಾ ಇವ್ನಿ, ಏನುಡ್ಸಿ ಕಳುಸ್ತೀಯಾ?' ಅಂದ್ಲು."

4.10ಕ್ಕೆ ಬಂಧನ. ಇಂಥ ಬಂಧನದಿಂದ ಯಾರಿಗೂ ನೆಮ್ಮದಿಯಿಲ್ಲ, ಯೋಗಾನಂದರಿಗಂತೂ ಇರಲಿಲ್ಲ. ಹೂತದ್ದನ್ನು ಅಗೆಸಲು ತಹಶೀಲ್ದಾರರಿಗೆ ಬರೆಯಬೇಕು ಎಂದು, ಠಾಣೆಗೆ ಕರೆಸಿದ್ದ ನಯನಾಳಿಗೆ ಹೇಳಿದರು.

"ಬೇಡ ಸಾರ್. ಹೆಣದ ಮೇಲಿಂದ ತೆಗ್ದಿದ್ದನ್ನ ಧಾರೆಗೆ ಉಡಕ್ಕಾಯ್ತದಾ?" ಎಂದವಳು ಅಲ್ಲೇ ಅತ್ತಳು. ಅಮ್ಮನದೆಂದು ಅವಳಿಗೆ ಉಳಿದಿದ್ದುದು ಅದೊಂದೇ. ಹೊರಡುವಾಗ ಕೆಂಪರಾಜುವಿನ ಮುಂದೆ ನಿಂತಳು.

"ನಮ್ಮಮ್ಮನ ಸೀರೇಲಿ ನಿಮ್ಮೋರು ಚೆಂದಾಗಿ ಕಾಣ್ತಿದ್ರಾ?"



"ಮೊಕ ನೋಡ್ನಿಲ್ಲ ಕಣವ್ವ. ಸೆರಗು ಸುಕ್ಕಾಯ್ತದೇನೋ ಅಂತ, ಮಣ್ಣು ಬೀಳೋಗಂಟ ಅದ್ನೇ ನೋಡ್ತಾ ನಿಂತಿದ್ದೆ."