ಹನ್ನೊಂದು ಸಲ ತಳ್ಳಿದ ಬಾಗಿಲು

"ಇನ್ನೊಂದು ಹೆಜ್ಜೆ ಮುಂದಿಟ್ಟರೆ ಜೋಕೆ!"

ಅವಳು ಕುರ್ಚಿ ಬಿಟ್ಟೆದ್ದು ಕಂಪ್ಯೂಟರಿಗೆ ಅಡ್ಡ ನಿಂತಳು. ಒಳಗೆ ಬಂದವನು ಗುಮ್ಮ. ಆಫೀಸಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದೇ ಹಾಗೆ. ಮಾತಾಡಿದರೆ ಮುತ್ತು ಉದುರೀತು ಅನ್ನುವಂಥ ಆಸಾಮಿ.

ಅವನ ಬೆನ್ನ ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಬೀಗದ ಮೇಲಿನ ಹಸಿರು ದೀಪ ಕೆಂಪಾಯಿತು. ಗೋಡೆ ಗಡಿಯಾರದಲ್ಲಿ ಸರಿಯಾಗಿ ಐದು ಗಂಟೆ.

"ಆಟ ಅಳಿಸೋಕೆ ಬಂದ್ರಾ? ಐದೂವರೆಗೆ ಅಂತ ನೋಟಿಸಲ್ಲಿ ಹಾಕಿದ್ದಾರೆ! ಇನ್ನೂ ಅರ್ಧ ಗಂಟೆ ಇದೆ!"

"ಅಳಿಸೋಕೆ ಬಂದಿಲ್ಲ."

"ಹಾಗಾದ್ರೆ ಹೋಗಿ!"

ಅವನು ತಿರುಗಿ ಬೀಗಕ್ಕೆ ತನ್ನ ಕಾರ್ಡು ತೋರಿಸಿದ. ದೀಪ ಕೆಂಪಾಗಿಯೇ ಉಳಿಯಿತು. ಅವಳೂ ತನ್ನದನ್ನು ತೋರಿಸಿದಳು. ಊಹೂಂ... ಕೆಂಪು.

ಕೆಲಸ ಹೋದವರ ಕಾರ್ಡು ಐದಕ್ಕೆ ರದ್ದಾಗುತ್ತದೆ ಎಂದು ಬೆಳಿಗ್ಗೆಯೇ ಹೇಳಿದ್ದರು. ಆ ಹೊತ್ತಿಗೆ ಯಾರಾದರೂ ಒಳಗೇ ಇದ್ದರೆ ಏನು ಗತಿ ಎಂದು ಯಾರೂ ಯೋಚಿಸಿರಲಿಲ್ಲ.

"ಆಹಾ! ಕೆಲಸದಿಂದ ಹೊರಗೂ ಹಾಕಿದ್ರು, ಒಳಗೆ ಕೂಡಿಯೂ ಹಾಕಿದ್ರು!"

ಕಿಟಕಿಯಿಲ್ಲದ ಕೋಣೆ. ಸದ್ದು ಹೊರಗೆ ಹೋಗದಂತೆ ಗೋಡೆಗೆಲ್ಲ ಬೂದು ಸ್ಪಂಜು. ಗುಟ್ಟು ಹೊರಬೀಳಬಾರದೆಂದು ಫೋನುಗಳನ್ನು ಹೊರಗಿನ ಪೆಟ್ಟಿಗೆಯಲ್ಲೇ ಇಡಬೇಕಿತ್ತು.

"ಆರು ಗಂಟೆಗೆ ಕಾವಲಿನವರು ಬರ್ತಾರೆ," ಎಂದ ಗುಮ್ಮ.

ಅವಳು ಮತ್ತೆ ಆಟಕ್ಕೆ ಕೂತಳು.

ಮೂರು ವರ್ಷದಿಂದ ಇದೇ ಕುರ್ಚಿ. ವಿಡಿಯೋ ಗೇಮ್ ಬಿಡುಗಡೆಗೆ ಮೊದಲು ಆಡಿ ನೋಡುವುದು ಅವಳ ಕೆಲಸ. ಕಂಡ ಗೋಡೆಗೆಲ್ಲ ಡಿಕ್ಕಿ ಹೊಡೆಯಬೇಕು, ಬಾಗಿಲನ್ನೆಲ್ಲ ತಳ್ಳಬೇಕು, ಎಲ್ಲಿ ಸಿಕ್ಕಿಬಿದ್ದರೂ ದೂರು ಬರೆಯಬೇಕು. ಹಿಡಿದದ್ದು ಬಿಡುವವಳಲ್ಲ ಎಂದು ಎಲ್ಲರೂ ಇಟ್ಟ ಹೆಸರು ಜಿಗಣೆ.

ಈ ಆಟದಲ್ಲಿ ಏಳು ಕೋಣೆಗಳ ಮನೆಯಲ್ಲಿ ಒಬ್ಬ ಹುಡುಗಿ ಸಿಕ್ಕಿಬಿದ್ದಿದ್ದಳು. ಜಿಗಣೆ ಅವಳನ್ನು ಆರು ಕೋಣೆ ದಾಟಿಸಿದ್ದಳು. ಏಳನೆಯದರ ಬಾಗಿಲು ಮಾತ್ರ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಹನ್ನೊಂದು ದೂರು ಬರೆದಳು. ಹನ್ನೊಂದಕ್ಕೂ ಪ್ರೋಗ್ರಾಂ ಬರೆದ ಗುಮ್ಮನಿಂದ ಒಂದೇ ಉತ್ತರ: "ಸರಿಯಾಗಿಯೇ ಇದೆ."

ಎಂಥ ಕೊಬ್ಬು!

ಮನೆಯಲ್ಲಿ ಅಜ್ಜಿ ದಿನಾ ಕೇಳುತ್ತಿದ್ದರು, "ಆ ಮಗು ಹೊರಗೆ ಬಂತೇನೇ?" ಈಗ ಕಂಪನಿ ಆಟವನ್ನೇ ಕೈಬಿಟ್ಟಿದೆ. ಐದೂವರೆ ಆದರೆ ಮನೆಯೂ ಇಲ್ಲ, ಹುಡುಗಿಯೂ ಇಲ್ಲ. ಅಜ್ಜಿಗೆ ಏನು ಹೇಳುವುದು? ಮೂರು ವರ್ಷ ಏನು ಕಡಿದು ಕಟ್ಟೆ ಹಾಕಿದೆ ಎಂದರೆ ತೋರಿಸುವುದಾದರೂ ಏನು?

"'ಹೇಳಿದ ದಿನಕ್ಕೆ ಆಟ ಮುಗಿಯಲ್ಲ' ಅಂತ ಮೇಲಿನವರಿಗೆ ಬರೆದಿದ್ದು ನೀವೇ ತಾನೇ? ಆ ಸಹಿ ನಿಮ್ಮದೇ ತಾನೇ?"

ಅಲ್ಲ ಅನ್ನಲಿ... ಒಂದೇ ಒಂದು ಸಲ ಅಲ್ಲ ಅನ್ನಲಿ! ದಿನಾ ಕ್ಯಾಂಟೀನಿನಲ್ಲಿ ಇವನು ಬಂದನೇ ಎಂದು ಅವಳ ಕಣ್ಣುಗಳು ನೋಡುತ್ತಿದ್ದವು. ಆ ಕಾಗದ ಕಂಡ ದಿನದಿಂದ ನೋಡುವುದನ್ನು ಬಿಟ್ಟಿದ್ದವು.

"ನಂದೇ. ಎರಡನೇ ಸಾಲು ಓದಿದ್ರಾ?"

"ಏನಿತ್ತು?"

"ಇನ್ನು ಮೂರು ತಿಂಗಳು ಕೊಡಿ, ಮುಗಿಸಿಕೊಡೋ ಹೊಣೆ ನಂದು ಅಂತ. ಅವರು ಮೊದಲ ಸಾಲಿಗೇ ನಿಲ್ಲಿಸಿದ್ರು. ನೀವೂ ಅಷ್ಟೇ."

ಗಡಿಯಾರ ಐದೂ ಇಪ್ಪತ್ತು ತೋರಿಸುತ್ತಿತ್ತು.

"ಮತ್ತೆ... ಈಗ್ಯಾಕೆ ಬಂದ್ರಿ?"

"ಬಾಗಿಲಿನ ಗುಟ್ಟು ಆಡಿ ನೋಡೋರಿಗೆ ಹೇಳಬಾರದು ಅಂತ ಸಹಿ ಹಾಕಿಸ್ಕೊಂಡಿದ್ರು. ಐದಕ್ಕೆ ನನ್ನ ಕೆಲಸ ಹೋಯ್ತು. ಇನ್ನು ಹೇಳಬಹುದು. ಅದಕ್ಕೇ ಕೊನೇ ಸೆಕೆಂಡಿನವರೆಗೂ ಹೊರಗೆ ಕಾದು ಬಂದೆ."

"ಕಾರ್ಡು ಹೋದ್ರೆ ಆಚೆ ಹೋಗೋಕೂ ಆಗಲ್ಲ ಅಂತ ಹೊಳೀಲಿಲ್ವಾ?"

"ಇಲ್ಲ."

ದೇವರೇ, ಇಷ್ಟು ಪ್ರಾಮಾಣಿಕ ಪೆದ್ದನೂ ಇರುತ್ತಾನೆಯೇ! ನಗು ಬಂತು, ಜೊತೆಗೆ ಕಣ್ಣೂ ತುಂಬಿತು.

ಅವನು ಪಕ್ಕದಲ್ಲಿ ಮಂಡಿಯೂರಿ ಕೂತ. "ಬಾಗಿಲು ತಟ್ಟಿ."

ಟಕ್, ಟಕ್. ಅಭ್ಯಾಸಬಲದಿಂದ ಅವಳ ಬೆರಳು ತಳ್ಳುವ ಬಟನ್ನಿಗೆ ಹೋಯಿತು. ಅವನು ಮೆಲ್ಲಗೆ ಆ ಕೈ ಹಿಡಿದ.

"ಬೇಡ. ಒಂದು ನಿಮಿಷ ಸುಮ್ನೆ ಕಾಯಿರಿ. ನೀವು ಯಾವಾಗ್ಲೂ ತಟ್ಟಿದ ಕೂಡ್ಲೇ ತಳ್ತೀರಿ. ತಳ್ಳಿದ್ರೆ ಆಚೆ ಇರೋನು ಹೆದರಿ ಹಿಂದೆ ಸರೀತಾನೆ."

ಹನ್ನೊಂದು ಸಲ! ಸುಮ್ಮನೆ ಕೂರುವುದು ಅವಳ ಕೆಲಸದಲ್ಲೇ ಇರಲಿಲ್ಲವಲ್ಲ...

ಒಂದು ನಿಮಿಷ ಇಷ್ಟು ಉದ್ದವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅವನು ಕೈ ಬಿಡಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ.

ಬಾಗಿಲು ತೆರೆಯಿತು.

ಅರ್ಧ ಬಣ್ಣ ಹಚ್ಚಿದ ತೋಟ. ಆಕಾಶವನ್ನು ಇನ್ನೂ ಬರೆದೇ ಇರಲಿಲ್ಲ. ಮೆಟ್ಟಿಲ ಮೇಲೆ ಒಬ್ಬ ಹುಡುಗ ಕೂತಿದ್ದ. ಮರದಲ್ಲಿ ಹನ್ನೊಂದು ದೀಪಗಳು, ಒಂದೊಂದರ ಕೆಳಗೂ ಅವಳ ಒಂದೊಂದು ದೂರು! ಒಂಬತ್ತನೆಯದು ಹೀಗಿತ್ತು: "ಒಬ್ಬಳೇ ಒಳಗಿದ್ದು ಸಾಕಾಗಿದೆ. ದಯವಿಟ್ಟು ಯಾರಾದರೂ ತೆರೆಯಿರಿ."

ಅದನ್ನು ಬರೆದ ದಿನ ಅವಳು ಆಟದ ಹುಡುಗಿಯ ಬಗ್ಗೆ ಬರೆದಿರಲಿಲ್ಲ. ಇವನಿಗೆ ಅದು ಅರ್ಥವಾಗಿತ್ತು!

ತೆರೆಯ ಮೇಲಿನ ಹುಡುಗ ಗುಮ್ಮನದೇ ದನಿಯಲ್ಲಿ ಹೇಳಿದ, "ಬಂದ್ಯಾ? ತಡ ಮಾಡಿದ್ದು ನಾನೇ."

ಹುಡುಗಿ ಮೆಟ್ಟಿಲಿಳಿದಳು. ಅಷ್ಟರಲ್ಲಿ ಐದೂವರೆ ಆಯಿತು. ತೆರೆ ಕಪ್ಪಾಯಿತು.

ಅವಳು ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ಎದ್ದು ಕೋಣೆಯ ಬಾಗಿಲ ಹತ್ತಿರ ಹೋದಳು. ಗುದ್ದಲು ಮುಷ್ಟಿ ಎತ್ತಿದವಳು ತಡೆದುಕೊಂಡು, ಎರಡೇ ಸಲ ತಟ್ಟಿ, ಅಲ್ಲೇ ನೆಲದ ಮೇಲೆ ಕೂತಳು. ಅವನೂ ಬಂದು ಕೂತ.

"ಸಹಿ ಹಾಕಿ ಬಚ್ಚಿಟ್ಟಿದ್ದು ಇನ್ನೇನಾದ್ರೂ ಇದೆಯಾ?"

"ಸಹಿ ಹಾಕದೇ ಬಚ್ಚಿಟ್ಟಿದ್ದು ಒಂದಿದೆ," ಎಂದ ಗುಮ್ಮ. "ನಿಮ್ಮ ದೂರು ಬಂದ ದಿನ ನಂಗೆ ಹಬ್ಬ. ನೀವಂದ್ರೆ... ನಂಗೆ ತುಂಬಾ ಇಷ್ಟ."

ಅವಳು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. ಅವನು ತಲೆ ತಗ್ಗಿಸಿ ಏಳಲು ಹೊರಟ.

"ಕೂತ್ಕೋ! ಒಂದು ನಿಮಿಷ ಕಾಯೋಕಾಗಲ್ವಾ ನಿಂಗೆ?"

ಅವನು ದೊಪ್ಪನೆ ಕೂತ. ಆ ನಿಮಿಷ ಮುಗಿಯುವಷ್ಟರಲ್ಲಿ ಅವಳ ತಲೆ ಅವನ ಭುಜದ ಮೇಲಿತ್ತು.

ಆರಕ್ಕೆ ಬೀಗ ತೆರೆದ ಸದ್ದಾಯಿತು. ಕಾವಲಿನವರು ಇಬ್ಬರನ್ನೂ ಕಂಡು ಬೆಪ್ಪಾದರು. ಹೊರಗೆ ಪೆಟ್ಟಿಗೆಯೊಳಗೆ ಅವಳ ಫೋನು ಬಡಿದುಕೊಳ್ಳುತ್ತಿತ್ತು.

"ಎಷ್ಟು ಹೊತ್ತೇ? ಆ ಮಗು ಹೊರಗೆ ಬಂತೇನೇ?"

"ಬಂತಜ್ಜಿ."

"ಪಾಪ, ಒಂದೇ ಬಂತಾ?"

ಅವಳು ಪಕ್ಕಕ್ಕೆ ನೋಡಿದಳು. ಗುಮ್ಮ ಉಸಿರು ಬಿಗಿಹಿಡಿದು ಕಾಯುತ್ತಿದ್ದ.

"ಇಲ್ಲಜ್ಜಿ, ಜೊತೇಲಿ ಇನ್ನೊಬ್ಬನೂ ಬರ್ತಿದ್ದಾನೆ. ಬಾಗಿಲು ತೆಗೆದಿಟ್ಟಿರು."